ಕೂಸಿನ ತಲೆ, ಬೀಗರ ಎಣ್ಣೆ

ಬಾಣಂತನಕ್ಕೆ ತವರಿಗೆ ಬಂದ ಮಗಳ ಕೂಸನ್ನು ನೋಡಲು ಬೀಗರು ಬಂದರೆ ಅವರ ಕೈ ಮೊದಲು ಹೋಗುವುದು ಕೂಸಿನ ತಲೆಗೆ. ಬಣ್ಣ ಯಾರದ್ದು, ಮೂಗು ಯಾರದ್ದು ಎಂಬ ಪಂಚಾಯಿತಿಯೆಲ್ಲ ಆಮೇಲಿನದು. ತಲೆ ಗುಂಡಗಿದೆಯೇ, ರಾಗಿ ದಿಂಬು ಇಡುತ್ತಿದ್ದಾರೆಯೇ, ನೆತ್ತಿಗೆ ಎಣ್ಣೆ ಒತ್ತುತ್ತಿದ್ದಾರೆಯೇ ಎಂಬ ತಪಾಸಣೆ ಮುಗಿದ ಮೇಲೇ ಕಾಫಿ. ಬ್ಯಾಂಕಿನ ನೌಕರಿಯಲ್ಲಿ ಎಂತೆಂಥ ಆಡಿಟ್‌ನವರನ್ನೋ ಕಂಡಿದ್ದ ನಾನೂ ಈ ತಪಾಸಣೆಗೆ ಬೆವರಿದೆ. ಯಾಕೆಂದರೆ ನಮ್ಮ ಮೊಮ್ಮಗನ ಕುಲಾವಿಯ ಅಡಿಯಲ್ಲಿ ಲೆಕ್ಕಕ್ಕೆ ತೋರಿಸದ ಒಂದು ಬಾಬತ್ತಿತ್ತು.

ಹಕ್ಕಳೆ. ತಿಂಗಳು ತುಂಬುವ ಹೊತ್ತಿಗೆ ನೆತ್ತಿಯ ಮೇಲೆ ಶುರುವಾದದ್ದು, ಜೋನಿ ಬೆಲ್ಲ ಮೆತ್ತಿದ ಅವಲಕ್ಕಿಯ ಹಾಗೆ ಹಳದಿಯಾಗಿ, ಜಿಡ್ಡುಜಿಡ್ಡಾಗಿ ಅಂಟಿಕೊಂಡು ಹಣೆಯವರೆಗೂ ಇಳಿದಿತ್ತು. ಹುಬ್ಬಿನಲ್ಲೂ ಒಂದಿಷ್ಟು ಹೊಟ್ಟು. ಕೂಸಿಗೆ ಅದರ ಪರಿವೆಯೇ ಇರಲಿಲ್ಲ. ತುರಿಕೆಯಿಲ್ಲ, ಉರಿಯಿಲ್ಲ. ಹಾಲು ಕುಡಿಯುವುದು, ಮಲಗುವುದು, ಬಟ್ಟೆ ಬದಲಿಸಿದ ಕೂಡಲೇ ಒದ್ದೆ ಮಾಡುವುದು, ಎಲ್ಲವೂ ಸಾಂಗವಾಗಿ ನಡೆದಿತ್ತು. ನಿದ್ದೆ ಕೆಟ್ಟದ್ದು ಉಳಿದವರಿಗೆ.

ಕಾರಣ ಹೇಳುವವರಿಗೇನು ಬರ! ಮಗುವಿಗೆ ನೀರು ಎರೆಯಲು ಬರುತ್ತಿದ್ದ ಅಜ್ಜಿಯ ಪ್ರಕಾರ ಅದು ಗರ್ಭದಲ್ಲೇ ಅಂಟಿದ ಕೊಳೆ, ಉಗುರಿನಿಂದ ಕೆರೆದರೆ ಎರಡೇ ದಿನದ ಕೆಲಸ. ಪಕ್ಕದ ಮನೆಯಾಕೆ ದೃಷ್ಟಿ ಎಂದರು. ನಮ್ಮ ದೊಡ್ಡಮ್ಮ ಫೋನಿನಲ್ಲೇ ಬಾಣಂತಿಯ ಪಥ್ಯದ ವಿಚಾರಣೆ ನಡೆಸಿ, ಮಗಳು ಯಾವಾಗಲೋ ಬಾಯಿಗಿಟ್ಟ ಒಂದು ಹೋಳು ಬದನೆಕಾಯಿಯನ್ನು ಪತ್ತೆಹಚ್ಚಿ ತೀರ್ಪು ಕೊಟ್ಟರು. ಬಾಣಂತಿ ತಿನ್ನದ ಪದಾರ್ಥದಿಂದ ಮಗುವಿಗೆ ಬಂದ ಕಾಯಿಲೆ ನಮ್ಮ ಕಡೆ ಇನ್ನೂ ವರದಿಯಾಗಿಲ್ಲ.

ಇಂಥ ಹೊತ್ತಿನಲ್ಲಿ ಪುತ್ತೂರಿನಿಂದ ಬೀಗರು ಬಂದಿಳಿದರು. ಬೀಗಿತ್ತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಯಾರೂ ತಡೆಯುವ ಮೊದಲೇ ಕುಲಾವಿಯ ದಾರ ಎಳೆದರು.

“ಇದೆಂತ ಮಾರಾಯ್ರೆ ಮಗುವಿನ ತಲೆಯಲ್ಲಿ? ಎಣ್ಣೆ ಗಿಣ್ಣೆ ಹಾಕುವ ಕ್ರಮ ಇಲ್ವಾ ನಿಮ್ಮಲ್ಲಿ?”

ತಿಪಟೂರಿನ ಮನೆಯೊಂದರಲ್ಲಿ ನಿಂತು ಕೇಳುವ ಪ್ರಶ್ನೆಯೇ ಇದು? ನಮ್ಮೂರಿನ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದೇ ಕೊಬ್ಬರಿ. ಎಂಟು ಹತ್ತು ತಿಂಗಳು ಕಾಯಿಯನ್ನು ಅಟ್ಟದ ಮೇಲೆ ಒಣಗಿಸಿ, ಚಿಪ್ಪಿನೊಳಗೆ ಉಂಡೆ ಲೊಟಲೊಟ ಎಂದ ಮೇಲೆ ಸುಲಿದು, ಗಾಣಕ್ಕೆ ಕೊಟ್ಟು ತಂದ ಎಣ್ಣೆ ನಮ್ಮ ಮನೆಯದು. ನನ್ನ ಹೆಂಡತಿ ಮಾತಾಡದೆ ಒಳಗೆ ಹೋಗಿ ಎಣ್ಣೆಯ ಡಬ್ಬವನ್ನೇ ತಂದು ನಡುಮನೆಯಲ್ಲಿಟ್ಟಳು. ಬೀಗಿತ್ತಿ ಅದನ್ನು ಮೂಸಿ, “ಇದು ಅಡುಗೆಗೆ ಅಡ್ಡಿಯಿಲ್ಲ” ಎಂದು, ತಮ್ಮ ಚೀಲದಿಂದ ಒಂದು ಬಾಟಲಿ ತೆಗೆದರು. ಹಸಿ ಕಾಯಿಯ ಹಾಲನ್ನು ಉರುಳಿಯಲ್ಲಿ ಕಾಯಿಸಿ ಕಾಯಿಸಿ ಇಳಿಸಿದ ಎಣ್ಣೆ. “ಮಕ್ಕಳಿಗೆ ಇದೇ ಆಗಬೇಕು.”

ಎರಡೂ ಒಂದೇ ಮರದ ಕಾಯಿಯಿಂದ ಬಂದದ್ದು, ಎರಡರಲ್ಲೂ ಅರ್ಧದಷ್ಟು ಇರುವುದು ಅದೇ ಲಾರಿಕ್ ಆಮ್ಲ ಎಂಬುದನ್ನು ನಾನು ಎಲ್ಲೋ ಓದಿದ್ದೆ. ಹೇಳಲಿಲ್ಲ. ಇಬ್ಬರು ಬೀಗಿತ್ತಿಯರ ನಡುವೆ ರಸಾಯನಶಾಸ್ತ್ರ ತರುವಷ್ಟು ಧೈರ್ಯ ನನಗಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಾಕೆ, ಅಮೆರಿಕದ ಮಗ ತಂದುಕೊಟ್ಟ ಆಲಿವ್ ಎಣ್ಣೆಯನ್ನು ಹಿಡಿದು ಬೇಲಿಯಾಚೆ ಕಾಣಿಸಿಕೊಂಡರು. ಹರಳೆಣ್ಣೆಯಿಲ್ಲದೆ ನೆತ್ತಿ ತಂಪಾಗುವುದಿಲ್ಲವೆಂದು ನೀರೆರೆಯುವ ಅಜ್ಜಿ ಬೇರೆ ಪಟ್ಟು ಹಿಡಿದಿತ್ತು. ಒಂದು ಅಂಗೈಯಗಲದ ತಲೆ, ನಾಲ್ಕು ಎಣ್ಣೆ. ಬೆಳಿಗ್ಗೆ ಒಬ್ಬರು ಹಚ್ಚಿದ್ದನ್ನು ಮಧ್ಯಾಹ್ನ ಇನ್ನೊಬ್ಬರು ಕಾಣದ ಹಾಗೆ ಒರೆಸಿ ತಮ್ಮದನ್ನು ಹಚ್ಚುತ್ತಿದ್ದರು. ಎತ್ತಿಕೊಂಡರೆ ಕೂಸು ಕೈಯಿಂದ ಜಾರುತ್ತಿತ್ತು. ಹಕ್ಕಳೆ ಮಾತ್ರ ಇನ್ನಷ್ಟು ಮೈತುಂಬಿಕೊಂಡಿತು.

ಕೊನೆಗೆ ಮಗಳು, “ಡಾಕ್ಟರ ಹತ್ತಿರ ಹೋಗೋಣ, ಇಲ್ಲವಾದರೆ ನಾನೇ ಎಲ್ಲಾದರೂ ಹೋಗ್ತೀನಿ” ಎಂದಳು. ಮಕ್ಕಳ ಡಾಕ್ಟರು ಕುಲಾವಿ ತೆಗೆದು ನೋಡಿ ನಕ್ಕರು. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಎಷ್ಟೋ ಮಕ್ಕಳಿಗೆ ಬರುತ್ತದೆ, ಕೊಳೆಯಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ, ತಾಯಿಯ ಆರೈಕೆಯ ಕೊರತೆಯೂ ಅಲ್ಲ, ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ ಎಂದರು. ಕೊರತೆಯ ಮಾತನ್ನು ಮಗಳು ಇನ್ನೊಂದು ಸಲ, ಅವಳಮ್ಮನಿಗೂ ಅತ್ತೆಗೂ ಸರಿಯಾಗಿ ಕೇಳುವಂತೆ ಹೇಳಿಸಿದಳು.

ಮತ್ತೆ ಬರುವುದು ಯಾಕೆ? ಹೆರಿಗೆಗೆ ಮುಂಚೆ ತಾಯಿಯ ಮೈಯಿಂದ ಮಗುವಿಗೆ ಹಾದುಬಂದ ಹಾರ್ಮೋನುಗಳು ತಲೆಯ ಜಿಡ್ಡುಗ್ರಂಥಿಗಳನ್ನು ಚುರುಕು ಮಾಡುತ್ತವೆ, ಉದುರಬೇಕಾದ ಚರ್ಮ ಆ ಜಿಡ್ಡಿಗೆ ಅಂಟಿ ಹಕ್ಕಳೆಯಾಗುತ್ತದೆ ಎಂಬುದು ವೈದ್ಯರ ಲೆಕ್ಕಾಚಾರ.

“ಹಾಗಾದ್ರೆ ತಾಯಿಯ ಕಡೆಯಿಂದಲೇ ಬಂದದ್ದಲ್ವಾ?” ಎಂದರು ಬೀಗಿತ್ತಿ.

ಡಾಕ್ಟರು ಗಾಬರಿಯಾಗಿ, ಜಿಡ್ಡನ್ನೇ ತಿಂದು ಬದುಕುವ ಒಂದು ಬಗೆಯ ಯೀಸ್ಟಿನ ಪಾತ್ರವೂ ಇದೆ, ದೊಡ್ಡವರ ತಲೆಹೊಟ್ಟಿಗೂ ಅದೇ ಕಾರಣ, ಅದು ಎಲ್ಲರ ಮೈಮೇಲೂ ಇರುತ್ತದೆ ಎಂದು ಸೇರಿಸಿದರು. ಎಲ್ಲರ ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ಎರಡೂ ಕಡೆಯವರು ಒಟ್ಟಿಗೆ ತಿರುಗಿ ನನ್ನ ತಲೆ ನೋಡಿದರು. ನನ್ನದು ಬೋಳಾದರೂ ಅಂಚಿನಲ್ಲಿ ಉಳಿದ ಹತ್ತಾರು ಕೂದಲನ್ನು ನಂಬಿಕೊಂಡು ಹೊಟ್ಟು ಇನ್ನೂ ಸಂಸಾರ ನಡೆಸಿದೆ. ಮೊಮ್ಮಗನಿಗೆ ನಾನು ಕೊಟ್ಟ ಮೊದಲ ಆಸ್ತಿ ಅದೇ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಮನೆಗೆ ಬಂದು ಆ ಯೀಸ್ಟಿನ ಜಾತಕ ಓದಿದೆ. 1874ರಲ್ಲಿ ಮಲಾಸೆ ಎಂಬ ಫ್ರೆಂಚ್ ವಿಜ್ಞಾನಿ ತಲೆಹೊಟ್ಟಿನಲ್ಲಿ ಕಂಡ ಜೀವಿಯಂತೆ. 1889ರಲ್ಲಿ ಅವನ ಹೆಸರನ್ನೇ ಇಟ್ಟು ಮಲಾಸೀಜಿಯ ಎಂದು ಕರೆದರಂತೆ. ಹೊಟ್ಟಿಗೆ ಹೆಸರು ಕೊಟ್ಟು ಅಮರನಾಗುವುದು ಅಂಥ ಮರ್ಯಾದೆಯ ಸಂಗತಿಯೇನಲ್ಲ, ಆದರೂ ನಮಗೆ ಅಷ್ಟೂ ಇಲ್ಲ. ಈ ಜೀವಿಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿಯಿಲ್ಲ, ಹೊರಗಿನಿಂದ ಸಿಗಬೇಕು. ನಮ್ಮ ಮನೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದಕ್ಕೆ ನಾಲ್ಕು ಬಗೆಯಲ್ಲಿ ಬಡಿಸಿದ್ದರು.

ಡಾಕ್ಟರು ಹೇಳಿದ ಉಪಾಯ ಸಪ್ಪೆಯಾದದ್ದು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ. ಉಳಿದದ್ದರಲ್ಲಿ ಯಾವುದಾದರೂ ಒಂದನ್ನು ಸ್ನಾನಕ್ಕೆ ಸ್ವಲ್ಪ ಮೊದಲು ತೆಳ್ಳಗೆ ಸವರುವುದು. ಹಕ್ಕಳೆ ಮೆತ್ತಗಾದ ಮೇಲೆ ಮಕ್ಕಳ ಮೆದು ಬ್ರಷ್ಷಿನಿಂದ ಹಗುರಾಗಿ ಬಾಚುವುದು. ಆಮೇಲೆ ಮಕ್ಕಳ ಶಾಂಪೂ ಹಾಕಿ ಎಣ್ಣೆ ಉಳಿಯದಂತೆ ತೊಳೆಯುವುದು. ಹಚ್ಚುವುದಕ್ಕಿಂತ ತೊಳೆಯುವುದು ಮುಖ್ಯವಂತೆ. ಉಗುರು ಹಾಕಕೂಡದು. ನೆತ್ತಿಸುಳಿ ಮೆತ್ತಗಿದೆಯೆಂದು ಹೆದರಿ ಅಲ್ಲಿ ತೊಳೆಯದೆ ಬಿಟ್ಟರೆ ಹಕ್ಕಳೆ ಅಲ್ಲೇ ಮನೆ ಮಾಡುತ್ತದೆ. ಕೈ ಹಗುರವಿದ್ದರೆ ಹೆದರಬೇಕಾಗಿಲ್ಲ. ಕೆಂಪಾಗಿ ನೀರು ಒಸರಿದರೆ, ವಾಸನೆ ಬಂದರೆ, ಮುಖ ಮೈಗೆಲ್ಲ ಹರಡಿದರೆ ಮಾತ್ರ ಮತ್ತೆ ಬನ್ನಿ, ಆಗ ಔಷಧಿಯ ಮಾತು. ಚೀಟಿಯಲ್ಲಿ ಬರೆದದ್ದು ಇಷ್ಟೆ. ಒಂದು ಮುಲಾಮನ್ನಾದರೂ ಬರೆಯದ ಡಾಕ್ಟರಿಗೆ ಫೀಸು ಕೊಟ್ಟದ್ದು ನನ್ನ ಹೆಂಡತಿಗೆ ಇವತ್ತಿಗೂ ನುಂಗಲಾಗಿಲ್ಲ.

ಯಾವುದಾದರೂ ಒಂದು ಎಂದರೆ ಯಾವುದು? ಅದನ್ನು ಬಗೆಹರಿಸಿದವಳು ಮಗಳೇ. ಸೋಮ, ಬುಧ ತಿಪಟೂರು. ಮಂಗಳ, ಗುರುವಾರ ಪುತ್ತೂರು. ಉಳಿದ ದಿನ ತಲೆಗೆ ರಜೆ. ನೀರೆರೆಯುವ ಅಜ್ಜಿಯ ಉಗುರನ್ನು ಅವಳೇ ಕೂತು ಕತ್ತರಿಸಿದಳು. ಅಜ್ಜಿ ಬೈಯುತ್ತಲೇ ಕೈ ಒಡ್ಡಿತು.

ಹಕ್ಕಳೆ ಬಂದ ಹಾಗೇ ಸದ್ದಿಲ್ಲದೆ ಹೋಯಿತು. ಈಗ ತಲೆ ನುಣ್ಣಗಿದೆ. ಹೋದದ್ದು ಕೊಬ್ಬರಿ ಎಣ್ಣೆಯಿಂದ ಎಂದು ನನ್ನವಳು ಬೀದಿಗೆಲ್ಲ ಹೇಳಿದ್ದಾಳೆ. ಪುತ್ತೂರಿನಲ್ಲಿ ಅದು ಕಾಯಿಹಾಲಿನ ಎಣ್ಣೆಯಿಂದ ಹೋಗಿದೆ. ಮೂರು ಸಂಜೆ ಮೆಣಸಿನಕಾಯಿ ನಿವಾಳಿಸಿದ ಪಕ್ಕದ ಮನೆಯಾಕೆಗೆ ಯಾವ ಸಂಶಯವೂ ಇಲ್ಲ. ದೊಡ್ಡಮ್ಮನ ಕೀರ್ತಿ ಬದನೆಕಾಯಿ ನಿಲ್ಲಿಸಿದ್ದಕ್ಕೆ. ತಾನಾಗಿ ಹೋಗುವ ಕಾಯಿಲೆ ಎಷ್ಟು ಉದಾರಿ ನೋಡಿ, ಕೇಳಿದವರಿಗೆಲ್ಲ ಒಂದೊಂದು ಪ್ರಶಸ್ತಿ ಹಂಚಿ ಹೋಗುತ್ತದೆ. ಡಾಕ್ಟರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅವರು ಏನೂ ಮಾಡಲಿಲ್ಲವಲ್ಲ!

ಗೆದ್ದ ಹುಮ್ಮಸ್ಸಿನಲ್ಲಿ ನನ್ನವಳ ಕಣ್ಣೀಗ ನನ್ನ ಹೊಟ್ಟಿನ ಮೇಲೆ ಬಿದ್ದಿದೆ. ಮೊನ್ನೆ ಅದೇ ಡಬ್ಬ, ಅದೇ ಪುಟ್ಟ ಬ್ರಷ್ಷು ಹಿಡಿದು ಬಂದು ಮಣೆಯ ಮೇಲೆ ಕೂರಿಸಿದಳು. ಕೂಸಿನದು ತಾನಾಗಿ ಹೋಗುವಂಥದು, ದೊಡ್ಡವರ ಹೊಟ್ಟು ಹಾಗೆ ಹೋಗುವುದಿಲ್ಲ ಮಾರಾಯ್ತಿ ಎಂದು ಓದಿದ್ದನ್ನೆಲ್ಲ ವಿವರಿಸಿದೆ.

“ಕೂದಲು ಹೋಗಲಿಲ್ವೇನ್ರೀ ತಾನಾಗಿ? ಸುಮ್ನೆ ತಲೆ ಬಗ್ಗಿಸಿ” ಎಂದಳು.