ಇಮೇಲ್ ಮಾಷ್ಟ್ರು

ಕುಂಬಳೆ ಸೀಮೆಯ ಯಾವ ಊರಿಗೆ ಹೋದರೂ ಇಂಥವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ಪಿಂಚಣಿ ಪಡೆದವರು, ಆದರೆ ಅವರು ಇಂಗ್ಲಿಷ್ ಮಾತಾಡಿದ್ದನ್ನು ಕಿವಿಯಾರೆ ಕೇಳಿದವರು ಊರಲ್ಲಿ ಒಬ್ಬರೂ ಇಲ್ಲ. ತರಗತಿಯಲ್ಲಿ ಪಾಠ ಓದುವುದು ಇಂಗ್ಲಿಷಿನಲ್ಲಿ, ಅರ್ಥ ಹೇಳುವುದು ಕನ್ನಡದಲ್ಲಿ, ಬೈಯುವುದು ತುಳುವಿನಲ್ಲಿ.

ಬದಿಯಡ್ಕದಿಂದ ಸ್ವಲ್ಪ ಆಚೆ, ನನ್ನ ಮನೆಯ ಮೇಲಿನ ಗುಡ್ಡೆಯಲ್ಲಿರುವ ಮಾಷ್ಟ್ರೂ ಇದೇ ಜಾತಿ. ಮನೆಯೊಳಗೆ ಹವ್ಯಕ, ತೋಟದಲ್ಲಿ ತುಳು, ರೇಷನ್ ಅಂಗಡಿಯಲ್ಲಿ ಮಲಯಾಳ, ಜವುಳಿ ಅಂಗಡಿಯಲ್ಲಿ ಕೊಂಕಣಿ, ಅಡಿಕೆ ವ್ಯಾಪಾರಿಯ ಹತ್ತಿರ ಬ್ಯಾರಿ, ಸಭೆಯಲ್ಲಿ ಪುಸ್ತಕದ ಕನ್ನಡ. ಇಷ್ಟೆಲ್ಲ ತುಂಬಿಕೊಂಡ ಬಾಯಿಯಲ್ಲಿ ಇಂಗ್ಲಿಷಿಗೆ ಕೂರಲು ಜಾಗ ಸಿಗಲಿಲ್ಲ. ಅದು ಕೈಗೆ ಇಳಿಯಿತು. ಕಾಗದದ ಮೇಲೆ ಅವರ ಇಂಗ್ಲಿಷ್ ನೋಡಬೇಕು: ಇಸ್ತ್ರಿ ಹಾಕಿದ ಪಂಚೆಯ ಹಾಗೆ, ಒಂದು ಸುಕ್ಕಿಲ್ಲ.

2020ರಲ್ಲಿ ಶಾಲೆಗಳಿಗೆ ಬೀಗ ಬಿದ್ದು, ವಿಕ್ಟರ್ಸ್ ಚಾನೆಲಿನಲ್ಲಿ ಪಾಠ ಶುರುವಾದಾಗ ಊರಿನ ಮಕ್ಕಳಿಗೆ ಟೀವಿಯ ಹತ್ತಿರ ಸಂಶಯ ಕೇಳಲು ಆಗುತ್ತಿರಲಿಲ್ಲ. ಮಾಷ್ಟ್ರ ಜಗಲಿಗೆ ಬರುವ ಹಾಗೂ ಇರಲಿಲ್ಲ. ಆಗ ಅವರು ಅಕ್ಷಯ ಕೇಂದ್ರಕ್ಕೆ ಹೋಗಿ ಒಂದು ಇಮೇಲ್ ಐಡಿ ಮಾಡಿಸಿಕೊಂಡು ಬಂದರು. ಪಾಸ್‌ವರ್ಡನ್ನು ಪಂಚಾಂಗದ ಹಿಂಬದಿ ಬರೆದಿಟ್ಟರು. ಅದು ಗುಟ್ಟು. ಆದರೂ ಊರಿಗೆಲ್ಲ ಗೊತ್ತು: ವ್ರೆನ್‌ಮಾರ್ಟಿನ್.

ಆ ಗ್ರಾಮರ್ ಪುಸ್ತಕ ಅವರಿಗೆ ದೇವರಕೋಣೆಯಿಂದ ಒಂದೇ ಮೆಟ್ಟಿಲು ಕೆಳಗೆ. ವ್ರೆನ್ ಸಾಹೇಬರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು, 1924ರಲ್ಲಿ 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿ ಬರೆದು ಹೆಸರಾದವರು ಎಂದು ನಾನೊಮ್ಮೆ ಬಾಯ್ತಪ್ಪಿ ಹೇಳಿದೆ. ಮಾಷ್ಟ್ರು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಮೂರನೆಯ ದಿನ, "ಅದು ಬೇರೆ ವ್ರೆನ್ ಆಗಿರಬೇಕು ಮಾರಾಯ್ರೇ" ಎಂದು ರಾಜಿಗೆ ಬಂದರು.

ವಾಟ್ಸಾಪ್ ಇತ್ತಲ್ಲ, ಅದೇಕೆ ಬೇಡ? ಕೇಳಿದ್ದಕ್ಕೆ, "ಅದರಲ್ಲಿ ಸಬ್ಜೆಕ್ಟ್ ಇಲ್ಲ" ಎಂದರು. ಕನ್ನಡದಲ್ಲಿ ನಾವು 'ಊಟ ಮಾಡಿದೆ', 'ನಾಳೆ ಬರ್ತೇನೆ' ಎಂದು ಕರ್ತೃವನ್ನು ಮನೆಯಲ್ಲೇ ಬಿಟ್ಟು ಹೊರಡುವವರು. ಇಂಗ್ಲಿಷಿನಲ್ಲಿ ಸಬ್ಜೆಕ್ಟ್ ಇಲ್ಲದೆ ವಾಕ್ಯ ಹೊಸ್ತಿಲು ದಾಟುವುದಿಲ್ಲ. ಇಮೇಲಿನಲ್ಲಿ ಸಬ್ಜೆಕ್ಟಿಗೆಂದೇ ಒಂದು ಖಾನೆ ಇದೆ. ಖಾಲಿ ಬಿಟ್ಟರೆ 'ಸಬ್ಜೆಕ್ಟ್ ಇಲ್ಲದೆಯೇ ಕಳಿಸುವುದೋ' ಎಂದು ಯಂತ್ರವೇ ಗದರಿಸುತ್ತದೆ. ಮೂವತ್ತು ವರ್ಷ ತಾನು ಹೇಳಿದ್ದನ್ನು ಹೇಳುವ ಇನ್ನೊಂದು ಜೀವ ಸಿಕ್ಕಿತಲ್ಲ ಎಂದು ಆ ದಿನ ಅವರು ಪಾಯಸ ಮಾಡಿಸಿದರು. ಆ ಸಬ್ಜೆಕ್ಟ್ ಬೇರೆ, ಈ ಸಬ್ಜೆಕ್ಟ್ ಬೇರೆ ಎಂದು ಹೇಳಲು ನಾನು ಬಾಯಿ ತೆರೆದೆ. ಪಾಯಸ ಬಂತು, ಮುಚ್ಚಿದೆ.

ಟ್ಯೂಷನ್ನಿನ ಕ್ರಮ ಹೀಗೆ. ಶುಕ್ರವಾರ ರಾತ್ರಿ ಪಾಠ ಹೋಗುತ್ತದೆ. ಮೊದಲು ಗೆರೆ ಪುಸ್ತಕದಲ್ಲಿ ಬರೆದು, ಆಮೇಲೆ ಬಲಗೈ ತೋರುಬೆರಳೊಂದರಿಂದಲೇ ಕುಟ್ಟುತ್ತಾರೆ. ದೂರದಿಂದ ಕೇಳಿದರೆ ಮರಕುಟಿಗ ಬಂದ ಹಾಗೆ. ಭಾನುವಾರ ಸಂಜೆಯೊಳಗೆ ಉತ್ತರ ಬರಬೇಕು. ತಪ್ಪುಗಳು ಕೆಂಪಕ್ಷರದಲ್ಲಿ ವಾಪಸಾಗುತ್ತವೆ. ಫೀಸಿಲ್ಲ. ಬಾಳೆಗೊನೆ, ಹಲಸಿನ ಹಪ್ಪಳ ತಂದುಕೊಟ್ಟರೆ ಬೇಡ ಎನ್ನುವುದೂ ಇಲ್ಲ.

ಉದಾಹರಣೆಗಳೆಲ್ಲ ಊರಿನವೇ. ನಮ್ಮ ಭಾಷೆಯಲ್ಲಿಲ್ಲದ 'ಎ' ಮತ್ತು 'ದಿ'ಗಳನ್ನು ಅವರು ವಿವರಿಸಿದ್ದು ಹೀಗೆ: 'ಎ ಕೋಕೊನಟ್' ಎಂದರೆ ಯಾವುದೋ ಒಂದು ತೆಂಗಿನಕಾಯಿ, 'ದಿ ಕೋಕೊನಟ್' ಎಂದರೆ ನಿನ್ನೆ ರಾತ್ರಿ ನನ್ನ ತೋಟದಿಂದ ಕಾಣೆಯಾದದ್ದು. 'ಕರೆಂಟ್ ವೆಂಟ್' ಎಂದರೆ ಹೋಗಿತ್ತು, ಬಂದಿರಲೂಬಹುದು. 'ಕರೆಂಟ್ ಹ್ಯಾಸ್ ಗಾನ್' ಎಂದರೆ ಈಗಲೂ ಕತ್ತಲೆಯಲ್ಲೇ ಕೂತಿದ್ದೇವೆ. ಆಟಿ ತಿಂಗಳ ಮಳೆಯಲ್ಲಿ ಪ್ರೆಸೆಂಟ್ ಪರ್ಫೆಕ್ಟನ್ನು ಮರೆಯುವ ಮಗು ನಮ್ಮಲ್ಲಿಲ್ಲ. 'ಇಫ್' ಬಂದಾಗಲಂತೂ ಅವರು ಬೇರೆ ಕಡೆ ನೋಡುವುದೇ ಇಲ್ಲ. 'ಮಹಾಜನ ವರದಿ ಜಾರಿಯಾಗಿದ್ದರೆ ಚಂದ್ರಗಿರಿಯ ಉತ್ತರಕ್ಕಿರುವ ನಾವು ಕರ್ನಾಟಕದಲ್ಲಿರುತ್ತಿದ್ದೆವು.' ಗಡಿ ವಿವಾದದ ಆ ವರದಿ ಬಂದದ್ದು 1967ರಲ್ಲಿ. ಥರ್ಡ್ ಕಂಡೀಷನಲ್ ಎಂದರೆ ಆಗದೇ ಹೋದದ್ದರ ಬಗ್ಗೆ ಮಾತಾಡುವುದು ಎಂದು ವಿವರಣೆ ಕೊಟ್ಟು, ಕೆಳಗೆ ಒಂದು ಸಾಲು ಖಾಲಿ ಬಿಡುತ್ತಾರೆ.

ಇಮೇಲಿನಲ್ಲೂ ಮಕ್ಕಳು ಫ್ರಮ್, ಟು, ಪ್ಲೇಸ್, ಡೇಟ್ ಬರೆಯಲೇಬೇಕು. ಅದೆಲ್ಲ ತಾನಾಗಿಯೇ ಬರುತ್ತದೆ ಎಂದರೆ ಕೇಳುವುದಿಲ್ಲ. "ಪ್ಲೇಸ್ ಬರುದಿಲ್ಲವಲ್ಲ!" ಅವರ ಸಂಕಟ ನನಗೆ ಅರ್ಥವಾಗುತ್ತದೆ. ಹುಟ್ಟಿದಾಗ ಅವರ ವಿಳಾಸ ಮದ್ರಾಸಿನ ಸೌತ್ ಕೆನರಾ ಜಿಲ್ಲೆ. ಹತ್ತನೇ ವಯಸ್ಸಿನಲ್ಲಿ, 1956ರ ನವೆಂಬರ್ 1ರಂದು, ಕೇರಳ. ಮತ್ತೆ ಕಣ್ಣೂರು ಜಿಲ್ಲೆ. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಮನೆ ಮಾತ್ರ ಅದೇ ಗುಡ್ಡೆಯಲ್ಲಿ, ಅದೇ ಹಲಸಿನ ಮರದ ಬುಡದಲ್ಲಿ. ಇಷ್ಟು ಕಷ್ಟಪಟ್ಟು ತಿದ್ದುತ್ತ ಬಂದ ವಿಳಾಸವನ್ನು ಒಂದು ಸುರುಳಿ 'ಎ' ಬಂದು ನುಂಗಿಬಿಟ್ಟರೆ ಯಾರಿಗೆ ತಡೆದೀತು?

ಮಕ್ಕಳಿಗೆ ಸ್ವಂತ ಐಡಿ ಇರಲಿಲ್ಲ. ಅಮ್ಮನದು, ಮಾವನದು, ಗಲ್ಫಿನಲ್ಲಿರುವ ಅಣ್ಣನದು. ಒಮ್ಮೆ ಡಿಗ್ರೀಸ್ ಆಫ್ ಕಂಪ್ಯಾರಿಸನ್ ಪಾಠ ಒಂದಕ್ಷರ ತಪ್ಪಿ ಅಡಿಕೆ ವ್ಯಾಪಾರಿಯೊಬ್ಬರಿಗೆ ಹೋಯಿತು. ಗುಡ್, ಬೆಟರ್, ಬೆಸ್ಟ್ ಎಂದು ಓದಿದ ಅವರು ಮರುದಿನವೇ ಉತ್ತರಿಸಿದರು: ಹೊಸ ಅಡಿಕೆಗೆ ಇಷ್ಟು, ಸಿಂಗಲ್ ಚೋಲಿಗೆ ಇಷ್ಟು, ಡಬಲ್ ಚೋಲಿಗೆ ಇಷ್ಟು, ಪಟೋರ, ಕೋಕ ಇದ್ದರೂ ತನ್ನಿ. ಮಾಷ್ಟ್ರು ಒಂದು ಗಳಿಗೆ ಸುಮ್ಮನೆ ಕೂತರು. "ತಪ್ಪಿಲ್ಲ" ಎಂದರು ಕೊನೆಗೆ. "ಪಾಸಿಟಿವ್, ಕಂಪ್ಯಾರೆಟಿವ್, ಸೂಪರ್ಲೇಟಿವ್. ಕ್ರಮದಲ್ಲೇ ಬರೆದಿದ್ದಾರೆ." ಆ ವರ್ಷದ ಅಡಿಕೆ ಅವರಿಗೇ ಹೋಯಿತು.

ಇನ್ನೊಂದು ದಿನ ಹೊತ್ತು ಮುಳುಗುವಾಗ ಫೋನು ಹಿಡಿದುಕೊಂಡು ನಮ್ಮ ಮನೆಗೆ ಇಳಿದು ಬಂದರು. ಮುಖ ಬಾಡಿತ್ತು.

"ಈ ಮೇಲರ್ ಡೀಮನ್ ಯಾರು ಮಾರಾಯ್ರೇ? ಮೂರು ಸಲ ಕಳಿಸಿದೆ, ಮೂರು ಸಲವೂ ತಿರುಗಿ ಕಳಿಸಿದ್ದಾನೆ."

ಒಳಗಿನಿಂದ ನನ್ನವಳು, "ಡೀಮನ್ ಅಂದರೆ ಭೂತ ಅಲ್ಲದೋ ಮಾಷ್ಟ್ರೇ?" ಎಂದಳು. ಭೂತದ ವಿಷಯದಲ್ಲಿ ನಮ್ಮ ಕಡೆ ತಮಾಷೆ ನಡೆಯುವುದಿಲ್ಲ. ಅಮೆರಿಕದ ಎಂಐಟಿಯವರು 1960ರ ದಶಕದಲ್ಲಿ, ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ ಕಲ್ಪಿಸಿದ ಒಂದು ಪುಟ್ಟ ಡೀಮನ್ನಿನ ನೆನಪಿನಲ್ಲಿ, ಕಂಪ್ಯೂಟರಿನ ಹಿನ್ನೆಲೆಯಲ್ಲಿ ದುಡಿಯುವ ಪ್ರೋಗ್ರಾಮಿಗೆ ಆ ಹೆಸರಿಟ್ಟರು ಎಂದು ನಾನು ವಿವರಿಸಿದೆ. ವಿಳಾಸ ತಪ್ಪಿದರೆ ಹಿಂದಕ್ಕೆ ಕಳಿಸುವುದು ಅದರ ಕೆಲಸ.

"ಕಣ್ಣಿಗೆ ಕಾಣುದಿಲ್ಲ, ಸುತ್ತಮುತ್ತ ಇರ್ತದೆ, ತಪ್ಪಿ ನಡೆದರೆ ತೋರಿಸಿಕೊಡ್ತದೆ" ಎಂದು ಮಾಷ್ಟ್ರು ಬೆರಳು ಮಡಚಿದರು. "ಹಾಗಾದರೆ ನಮ್ಮದೇ."

ಅಂದಿನಿಂದ ಹೊಸ ಐಡಿ ಬರೆಯುವಾಗ ಚಪ್ಪಲಿ ಕಳಚಿಡುತ್ತಾರೆ ಎಂದು ಮಕ್ಕಳ ಸುದ್ದಿ. ನಾನು ನೋಡಿಲ್ಲ.

ಲಕ್ಷಾಂತರ ಡಾಲರ್ ಬಹುಮಾನ ಬಂದಿದೆ ಎಂಬ ಮೋಸದ ಪತ್ರಗಳೂ ಅವರಿಗೆ ಬರುತ್ತಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ದಿನವೂ ಲಾಟರಿ ಕೂಗು ಕೇಳಿ ಬೆಳೆದ ಕೇರಳದವರನ್ನು ಅಷ್ಟು ಸುಲಭದಲ್ಲಿ ಏಮಾರಿಸಲಾಗದು. ಮಾಷ್ಟ್ರು ಹಣದ ಕಡೆ ನೋಡಲೇ ಇಲ್ಲ. ಒಂದು ಪತ್ರದ ಹದಿನೇಳು ತಪ್ಪುಗಳಿಗೆ ಕೆಂಪು ಬಳಿದು, ಹತ್ತಕ್ಕೆ ಮೂರು ಅಂಕ ಕೊಟ್ಟು, ಪೂರ್ತಿ ಪುನಃ ಬರೆದು ಕಳಿಸಲು ಹೇಳಿದರು. ಆ ಕಳ್ಳ ಮತ್ತೆ ಬರೆಯಲಿಲ್ಲ.

ರಜಾ ಅರ್ಜಿಯ ಪಾಠವೇ ಅವರ ನಿಜವಾದ ಪರಾಕ್ರಮ. ನಾವೆಲ್ಲ ಉರು ಹೊಡೆದ ಸಾಲು ಒಂದೇ: 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್.' ಅಡಿಕೆ ಕೊಯ್ಲಿಗೂ ಜ್ವರ, ಅಕ್ಕನ ಮದುವೆಗೂ ಜ್ವರ, ಕೋಲಕ್ಕೂ ಜ್ವರ. ಹನ್ನೊಂದು ಮಕ್ಕಳ ಹನ್ನೊಂದು ಜ್ವರ ಒಟ್ಟಿಗೇ ಇನ್‌ಬಾಕ್ಸಿಗೆ ಬಿದ್ದಾಗ ಮಾಷ್ಟ್ರು ಎಲ್ಲವನ್ನೂ ತಿರಸ್ಕರಿಸಿದರು. ನಿಜ ಕಾರಣ ಬರೆಯಿರಿ ಎಂದರು. ಒಬ್ಬ ಎಂಟನೆಯ ಕ್ಲಾಸಿನ ಹುಡುಗ ಧೈರ್ಯ ಮಾಡಿದ: 'ಆಸ್ ಐ ಆಮ್ ಸಫರಿಂಗ್ ಫ್ರಮ್ ಯಕ್ಷಗಾನ.' ಹಿಂದಿನ ರಾತ್ರಿ ಬೆಳಗಿನವರೆಗೆ ಆಟ ನೋಡಿದ್ದನಂತೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಇದು ಊರ ರೋಗ. ಕೆಂಪಕ್ಷರದ ಉತ್ತರ ಹೋಯಿತು: ತಪ್ಪಿಲ್ಲ, ನನಗೂ ಚಿಕ್ಕಂದಿನಿಂದ ಇದೇ ಕಾಯಿಲೆ, ಮದ್ದು ಸಿಕ್ಕಿಲ್ಲ.

ಕಳೆದ ಬೇಸಗೆಯಲ್ಲಿ ನನ್ನ ತಂಗಿಯ ಮಗ ಅಮೆರಿಕದಿಂದ ಬಂದಿದ್ದ. ಹನ್ನೆರಡು ವರ್ಷ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಮಾಷ್ಟ್ರದ್ದು ಅದರ ತಿರುವು ಮುರುವು. ಜಗಲಿಯಲ್ಲಿ ಎದುರಾದಾಗ ಹುಡುಗ ಪಟಪಟನೆ ಏನೋ ಕೇಳಿದ. ಬಹುಶಃ ಹೇಗಿದ್ದೀರಿ ಎಂದು. ಮಾಷ್ಟ್ರು ಹೆಗಲಿನ ಶಾಲನ್ನು ಎರಡು ಸಲ ಬದಲಿಸಿದರು, ಗಂಟಲು ಸರಿಮಾಡಿದರು. ನಾನು ಉಸಿರು ಬಿಗಿಹಿಡಿದು ಕೂತೆ. ಮೂವತ್ತು ವರ್ಷದ ಕಟ್ಟೆ ಒಡೆಯುವ ಮುಹೂರ್ತ!

"ಐ ವಿಲ್ ಮೇಲ್ ಯು" ಎಂದು ಗುಡ್ಡೆ ಹತ್ತಿ ಹೋದರು.

ರಾತ್ರಿ ಹತ್ತೂವರೆಗೆ ಉತ್ತರ ಬಂತು. ಮೂರು ಪ್ಯಾರಾ. ತಾನು ಹೇಗಿದ್ದೇನೆ, ಮೊಣಕಾಲು ಹೇಗಿದೆ, ಹಲಸು ಹೇಗಾಗಿದೆ. ಹುಡುಗ ಎರಡು ಸಲ ಓದಿ ಬರೆದ ಮರುತ್ತರದಲ್ಲಿ ಸ್ವರಾಕ್ಷರವೇ ಇರಲಿಲ್ಲ. ಬೆಳಗ್ಗೆ ಅದು ಕೆಂಪಾಗಿ ವಾಪಸಾಯಿತು. ಮತ್ತೆ ಒಂದು ತಿಂಗಳು ನಮ್ಮ ಜಗಲಿಯಲ್ಲಿ ಕಂಡ ನೋಟ ವಿಚಿತ್ರ: ಒಂದೇ ಬೆಂಚಿನ ಆ ತುದಿಯಲ್ಲಿ ಮುದುಕರು, ಈ ತುದಿಯಲ್ಲಿ ಹುಡುಗ, ನಡುವೆ ಹಲಸಿನ ತೊಳೆಯ ತಟ್ಟೆ. ಇಬ್ಬರೂ ಫೋನಿನೊಳಗೆ. ಅಲ್ಲಿ ಟಿಣ್ ಎಂದರೆ ಇಲ್ಲಿ ನಗು, ಇಲ್ಲಿ ಟಿಣ್ ಎಂದರೆ ಅಲ್ಲಿ ನಗು. ಮಾತಿಲ್ಲ.

ಹೊರಡುವ ದಿನ ಮಾಷ್ಟ್ರು ಕೆಳಗೆ ಇಳಿಯಲೇ ಇಲ್ಲ, ಮೊಣಕಾಲು ನೋವಂತೆ. ಸಂಜೆ ನಾನೇ ಹತ್ತಿ ಹೋದೆ. ಜಗಲಿಯಲ್ಲಿ ಫೋನನ್ನು ಕಣ್ಣಿನಿಂದ ಒಂದು ಮಾರು ದೂರ ಹಿಡಿದು ಕೂತಿದ್ದರು. ನನಗೂ ತೋರಿಸಿದರು. ಫ್ರಮ್, ಟು, ಡೇಟ್ ಎಲ್ಲ ಇತ್ತು. ಪ್ಲೇಸ್: ಮಂಗಳೂರು ವಿಮಾನ ನಿಲ್ದಾಣ. ಸಬ್ಜೆಕ್ಟ್: ಲೀವ್ ಲೆಟರ್. ಕೆಳಗೆ ಒಂದೇ ವಾಕ್ಯ. 'ಆಸ್ ಐ ಆಮ್ ಸಫರಿಂಗ್ ಫ್ರಮ್ ಅಮೆರಿಕಾ, ಕೈಂಡ್ಲಿ ಗ್ರಾಂಟ್ ಮಿ ಲೀವ್ ಫಾರ್ ಟು ಇಯರ್ಸ್.'

"ಕಾಮಾ ಸರಿಯಾದ ಜಾಗದಲ್ಲಿ ಹಾಕಿದ್ದಾನೆ" ಎಂದರು ಮಾಷ್ಟ್ರು, ಕನ್ನಡಕ ಒರೆಸಿಕೊಳ್ಳುತ್ತ.