ಒಂದು ಗಂಟೆಯ ಕಸುಬು

"ನಿಮ್ಮ ಹುಡುಗ ಜಪಾನಿಂದ ಬಂದನಂತೆ, ಏನು ತಂದ?" ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಅಕ್ಕ.

"ಖಾಲಿ ಹಾಳೆ ಅಕ್ಕ. ತಾನೇ ಮಾಡಿದ್ದಂತೆ."

ಹಿಂಡುತ್ತಿದ್ದ ಸೀರೆ ಹಾಗೇ ನಿಂತಿತು. "ಲಕ್ಷಗಟ್ಟಲೆ ಸುರಿದು ಕಾಲೇಜಿನವರ ಜೊತೆ ಕಳಿಸಿದ್ದು ಇದಕ್ಕಾ?"

ಕೇಳಿಸಿಕೊಂಡದ್ದನ್ನೆಲ್ಲ ಒಪ್ಪಿಸಿದೆ. ಗಿಫು ಪ್ರಾಂತ್ಯದ ಮಿನೊ ಅಂತ ಊರು. ಆ ಸೀಮೆಯಲ್ಲಿ ಕ್ರಿ.ಶ. 702ರಲ್ಲಿ ಕಾಗದದ ಮೇಲೆ ಬರೆದ ಮನೆಗಣತಿಯ ಪಟ್ಟಿ ನಾರಾದ ಶೋಸೊಇನ್ ಭಂಡಾರದಲ್ಲಿ ಇವತ್ತಿಗೂ ಇದೆ. (ನಮ್ಮನೆ ರೇಷನ್ ಕಾರ್ಡು ಎರಡು ಮಳೆಗಾಲ ತಡೆಯಲಿಲ್ಲ.) ಕೊಝೊ ಅನ್ನುವ ಗಿಡದ ಒಳತೊಗಟೆಯನ್ನು ಬೇಯಿಸಿ, ಕಸ ಆರಿಸಿ, ಜಜ್ಜಿ ನೀರಿಗೆ ಬಿಡುತ್ತಾರೆ. ನಾರು ತಳಕ್ಕೆ ಕೂರದಿರಲಿ ಅಂತ ಒಂದು ಬೇರಿನ ಲೋಳೆ ಬೆರೆಸುತ್ತಾರೆ. ಆ ಗಿಡ ಬೆಂಡೆಕಾಯಿ ಬಳಗದ್ದೇ. ಸೆಕೆಗೆ ಲೋಳೆ ನೀರಾಗಿಬಿಡುತ್ತೆ, ಅದಕ್ಕೇ ಒಳ್ಳೇ ಕಾಗದ ಆಗೋದು ಕೈ ಮರಗಟ್ಟುವ ಚಳಿಗಾಲದಲ್ಲಿ. ಬಿದಿರುಕಡ್ಡಿಯ ಚಾಪೆ ಹಾಸಿದ ಚೌಕಟ್ಟಿನಲ್ಲಿ ಮೊಗೆದು ತೂಗಬೇಕು.

"ಪಲ್ಯದ ಬೆಂಡೆಕಾಯಿ ಬದಿಗೆ ಸರಿಸೋ ಹುಡುಗ! ಎಷ್ಟು ದಿನ ಕಲಿತ?"

"ಒಂದು ಗಂಟೆ. ಮೇ ತಿಂಗಳಲ್ಲಿ."

ಅಕ್ಕ ನಕ್ಕರು. "ಹೂರಣ ರುಬ್ಬಿ, ಕಣಕ ನಾದಿ, ತಟ್ಟಿಕೊಟ್ಟ ಮೇಲೆ ಕಾವಲಿ ಮೇಲೆ ಮಗುಚಿಹಾಕಿ ಹೋಳಿಗೆ ಮಾಡಿದೆ ಅಂದ ಹಾಗಾಯ್ತು."

ಮಾತು ಸರಿ. ಆದರೂ ನಾನು ಬಿಡಲಿಲ್ಲ. ಅವನ ಹಾಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಪಕ್ಕದಲ್ಲೇ ಒಬ್ಬ ಮುದುಕರು ಮಾತೂ ಆಡದೆ ಒಂದರ ಮೇಲೊಂದು ಒಂದೇ ಸಮನೆ ಎತ್ತುತ್ತಿದ್ದರಂತೆ. ಇವನು ಫೋನು ಜೇಬಿಗಿಟ್ಟು ನೋಡುತ್ತ ನಿಂತನಂತೆ. ಅದೊಂದೇ ಸಾಕು ಅನ್ನಿಸಿತು ನನಗೆ. ಸರ್ಟಿಫಿಕೇಟಿನ ಫೋಟೊ ಮಾತ್ರ ಸ್ಟೇಟಸ್‌ಗೆ ಹಾಕದಿದ್ದರೆ ಚೆನ್ನಾಗಿತ್ತು.

"ಚನ್ನಪಟ್ಟಣಕ್ಕೆ ಹೋಗಿದ್ರೂ ನೋಡಬಹುದಿತ್ತು ಬಿಡಿ."

ಸಿಕ್ಕಿತು ಅಂತ ಹೇಳಿದೆ: "ಅಲ್ಲಿನ ಬೊಂಬೆಗೆ ಹೊಸ ರೂಪ ಕೊಟ್ಟ ಬಾವಾಸ್ ಮಿಯಾನ್ ಅವರೂ ಅರಗಿನ ಕೆಲಸ ಕಲಿಯೋಕೆ ಜಪಾನಿಗೇ ಹೋಗಿದ್ದರಂತೆ."

"ಅವರೇನು ಒಂದು ಗಂಟೆ ಇದ್ದು ಬಂದ್ರಾ?"

ನಾನು ತೆಪ್ಪಗಾದೆ. ಅವರು ಕಲಿತು ಬಂದು ಊರಿನವರ ಕೈಗೆ ಕೊಟ್ಟರು. ಆಲೆಮರದ ತುಂಡು ತಿರುಗುವಾಗ ಬಣ್ಣದ ಅರಗು ಒತ್ತಿದರೆ ಆ ಉಜ್ಜುವ ಬಿಸಿಗೇ ಕರಗಿ ಹಿಡಿಯುತ್ತೆ. ಇದು ನಾನು ಓದಿದ್ದು, ಕಂಡದ್ದಲ್ಲ. ರೈಲು ಚನ್ನಪಟ್ಟಣದಲ್ಲಿ ನಿಂತಾಗೆಲ್ಲ ನನ್ನ ಕಣ್ಣು ಮದ್ದೂರು ವಡೆಯವನನ್ನೇ ಹುಡುಕಿದ್ದು.

"ಭಾನುವಾರ ಹೋಗೋಣ, ಹುಡುಗನ್ನೂ ಕರ್ಕೊಳ್ಳಿ" ಅಂದರು ಅಕ್ಕ.

"ಕಾರಲ್ಲಿ?"

"ರೈಲಲ್ಲಿ ಕಣ್ರೀ. ಹೊಸ ಹೈವೇ ಹಿಡಿದ್ರೆ ಊರೇ ಸಿಗಲ್ಲ, ಹೊರಗಿಂದಾನೇ ಬೆಂಗಳೂರು ಸೇರಿಸಿಬಿಡುತ್ತೆ."