ಶತಕೋಟಿ ರಾಯರು

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಶತಕೋಟಿ ರಾಯರೆಂದರೆ ಗೊತ್ತಿಲ್ಲದವರಿಲ್ಲ. ಹೆಸರು ಕೇಳಿ ಕೈಸಾಲಕ್ಕೆ ಹೋಗಿ ಬರಿಗೈಯಲ್ಲಿ ವಾಪಸಾದವರೂ ಇದ್ದಾರೆ. ಬ್ಯಾಂಕಿನಿಂದ ನಿವೃತ್ತರಾದ ರಾಯರ ಬಳಿ ಇರುವ ಕೋಟಿಗಳೆಲ್ಲ ಹೊಟ್ಟೆಯೊಳಗಿನವು. ‘ನಿನ್ನೆ ಸಾವಿರ ಕೋಟಿ ತಗೊಂಡೆ ಕಣ್ರೀ, ಇವತ್ತು ಐನೂರಕ್ಕೇ ನಿಲ್ಲಿಸಿದೆ’ ಎಂದು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಅವರು ಹೇಳುವಾಗ ಪಕ್ಕದ ಹೊಸಬರು ಲೋಕಾಯುಕ್ತರನ್ನು ನೆನೆದು ಸರಿದು ಕೂರುತ್ತಾರೆ. ರಾಯರು ಹೇಳುತ್ತಿರುವುದು ಪ್ರೊಬಯಾಟಿಕ್ ಕ್ಯಾಪ್ಸೂಲಿನಲ್ಲಿರುವ ಬ್ಯಾಕ್ಟೀರಿಯಾಗಳ ಲೆಕ್ಕ.

ಎದುರು ಸಿಕ್ಕವರನ್ನು ‘ಊಟ ಆಯ್ತಾ?’ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ರಾಯರು ಊಟವನ್ನು ಬಿಟ್ಟು ಬರೀ ‘ಆಯ್ತಾ?’ ಎನ್ನುತ್ತಾರೆ, ಅದೂ ಬೆಳಗಿನ ಆರೂವರೆಗೆ. ಆಯ್ತು ಎಂದರೆ ‘ಸಲೀಸಾಗಿ ಆಯ್ತಾ?’ ಎಂಬ ಉಪಪ್ರಶ್ನೆ ಇದೆ. ಇಲ್ಲ ಎಂದರೆ ಜೇಬಿನಿಂದ ಮಾತ್ರೆಯ ಪಟ್ಟಿ ಹೊರಬರುತ್ತದೆ. ಅನುಭವಸ್ಥರು ದೂರದಿಂದಲೇ ನೋಡಿ ರಸ್ತೆ ದಾಟಿಬಿಡುತ್ತಾರೆ. ವಾಕಿಂಗಿನ ದಾರಿಯಲ್ಲಿ ಸಿಎಫ್‌ಟಿಆರ್‌ಐ ಗೇಟು ಬಂದರೆ ರಾಯರು ಚಪ್ಪಲಿ ಬಿಡುವುದಿಲ್ಲ, ಅಷ್ಟೇ. ಉಳಿದ ಭಕ್ತಿಯೆಲ್ಲ ಸಲ್ಲುತ್ತದೆ. 1950ರಿಂದ ಆಹಾರ ಸಂಶೋಧನೆ ನಡೆಸುತ್ತಿರುವ ಆ ಸಂಸ್ಥೆಯ ಕಾವಲುಗಾರನಿಗೂ ಕರುಳಿನ ಬಗ್ಗೆ ಉಪದೇಶ ಆಗಿದೆ.

ಮನೆಯ ಫ್ರಿಜ್ಜಿನಲ್ಲಿ ಮೇಲಿನ ತಟ್ಟೆ ರಾಯರದು. ಪೂಜೆಯ ಮಲ್ಲಿಗೆ, ರುಬ್ಬಿದ ಹಿಟ್ಟು, ಮೊಮ್ಮಗನ ಐಸ್‌ಕ್ರೀಮು ಎಲ್ಲವೂ ಅಲ್ಲಿಂದ ಒಕ್ಕಲೆದ್ದಿವೆ. ಅಲ್ಲೀಗ ಸಾಲಾಗಿ ನಿಂತಿರುವುದು ಜಪಾನಿನ ಪುಟ್ಟ ಬಾಟಲಿಗಳು. ಮಿನೊರು ಶಿರೋಟಾ ಎಂಬ ವೈದ್ಯವಿಜ್ಞಾನಿ 1930ರಲ್ಲಿ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ 1935ರಲ್ಲಿ ಯಾಕುಲ್ಟ್ ಎಂಬ ಪಾನೀಯವಾಗಿ ಮಾರಾಟಕ್ಕೆ ಬಂದ ಕಥೆಯನ್ನು ಬಾಟಲಿ ಹಂಚುವಾಗ ರಾಯರು ತಪ್ಪದೆ ಹೇಳುತ್ತಾರೆ. ಕಥೆ ಮುಗಿಯುವವರೆಗೆ ಸೊಸೆ ಆಫೀಸಿಗೆ ಹೊರಡುವಂತಿಲ್ಲ. ಅಡುಗೆಕಟ್ಟೆಯ ಮೂಲೆಯಲ್ಲಿ ಕೊಂಬುಚಾದ ಗಾಜಿನ ಜಾಡಿಯೂ ಇದೆ. ಚಹಾದ ಮೇಲೆ ದೋಸೆಯಷ್ಟಗಲ ತೇಲುತ್ತಿದ್ದ ಆ ಬಿಳಿ ಪದರವನ್ನು ನೋಡಿ ಮನೆಗೆಲಸದ ಹೆಂಗಸು ‘ಅಮ್ಮಾ, ಅದ್ರಲ್ಲಿ ಏನೋ ಜೀವ ಐತೆ, ನಾ ಮುಟ್ಟಾಕಿಲ್ಲ’ ಎಂದಳು. ಆ ಮನೆಯಲ್ಲಿ ಕೊಂಬುಚಾ ಬಗ್ಗೆ ಯಾರೇ ಆಡಿದ ಅತ್ಯಂತ ವೈಜ್ಞಾನಿಕವಾದ ಮಾತು ಅದೇ.

ಉಪಾಕರ್ಮದ ದಿನ ರಾಯರಿಗೆ ತಮ್ಮ ಪ್ರವರ ಹೇಳಲು ಪುರೋಹಿತರ ನೆರವು ಬೇಕು. ಲ್ಯಾಕ್ಟೋಬ್ಯಾಸಿಲಸ್ ರ್‍ಯಾಮ್ನೋಸಸ್ ಜಿಜಿ ಎಂಬುದನ್ನು ಮಾತ್ರ ಕುಲ, ಪ್ರಭೇದ, ತಳಿ ಸಮೇತ ತಡವರಿಸದೆ ಹೇಳುತ್ತಾರೆ. ಕೊನೆಯ ಜಿಜಿ ಎಂದರೆ ಆ ತಳಿಯನ್ನು ಪತ್ತೆಮಾಡಿದ ಗೋರ್ಬಾಕ್ ಮತ್ತು ಗೋಲ್ಡಿನ್ ಅವರ ಮೊದಲಕ್ಷರಗಳೆಂದು ವಿವರಿಸುತ್ತಾರೆ. 2020ರಲ್ಲಿ ವಿಜ್ಞಾನಿಗಳು ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು ಒಡೆದು ಹಲವು ಕುಲಗಳಿಗೆ ಹಂಚಿದ ಸುದ್ದಿ ತಿಳಿದಾಗ ರಾಯರು ಅನ್ನ ಬಿಟ್ಟರು. ಅಣ್ಣತಮ್ಮಂದಿರು ಹಾಸನದ ಜಮೀನು ಪಾಲು ಮಾಡಿಕೊಂಡಾಗಲೂ ಅಷ್ಟು ನೊಂದಿರಲಿಲ್ಲವಂತೆ.

ರಾಯರ ಪರಮಗುರು ಮೆಚ್ನಿಕಾಫ್. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಈ ವಿಜ್ಞಾನಿ ಬಲ್ಗೇರಿಯಾದ ರೈತರ ದೀರ್ಘಾಯುಸ್ಸಿಗೆ ಅವರು ತಿನ್ನುವ ಮೊಸರೇ ಕಾರಣವೆಂದು ನಂಬಿ ತಾನೂ ದಿನಾ ಹುಳಿಹಾಲು ಕುಡಿದವನು. 1908ರಲ್ಲಿ ಅವನಿಗೆ ನೊಬೆಲ್ ಬಂತು. ಬಂದದ್ದು ಮೊಸರಿಗಲ್ಲ, ರಕ್ತದ ಬಿಳಿಕಣಗಳು ರೋಗಾಣುಗಳನ್ನು ನುಂಗುವುದನ್ನು ತೋರಿಸಿದ್ದಕ್ಕೆ. ರಾಯರು ಆ ಭಾಗ ಬರುವಷ್ಟರಲ್ಲಿ ಕೆಮ್ಮುತ್ತಾರೆ.

‘ಅವರು ಎಷ್ಟು ವರ್ಷ ಬದುಕಿದ್ರಂತೆ?’ ಹೆಂಡತಿ ಒಮ್ಮೆ ಹುರುಳಿಕಾಯಿ ಸೋಸುತ್ತ ಕೇಳಿದರು.

‘ಎಪ್ಪತ್ತೊಂದು.’

‘ನಿಮ್ಮ ಅಮ್ಮ ತೊಂಬತ್ತೆರಡು.’

‘ನೋಡಿದ್ಯಾ! ಮೊಸರಿನ ಮಹಿಮೆ.’

‘ಅತ್ತೆಗೆ ಮೊಸರು ಕಂಡ್ರೆ ಆಗ್ತಿರ್ಲಿಲ್ಲ ರೀ. ಸಾಯೋವರ್ಗೂ ಬಿಸಿಬಿಸಿ ಸಾರನ್ನ, ತುಪ್ಪ.’

ಹೆಂಡತಿಯ ತಮ್ಮ ಇನ್ನೊಂದು ಪಂಥದವರು. ‘ನಮ್ಮ ಇಡ್ಲಿಯಲ್ಲಿ ಇಲ್ಲದ ಪ್ರೊಬಯಾಟಿಕ್ ಯಾವುದು ಭಾವ?’ ಎಂಬುದು ಅವರ ವಾದ. ಇಲ್ಲಿ ಮಾತ್ರ ಗೆಲುವು ರಾಯರದೇ. ‘ಹಿಟ್ಟಲ್ಲಿ ಇತ್ತಯ್ಯ, ಇಲ್ಲ ಅನ್ನಲ್ಲ. ಹಬೆಯಲ್ಲಿ ಬೆಂದ್ಮೇಲೆ ಯಾವುದು ಉಳಿಯುತ್ತೆ?’ ಇದೇ ದುಃಖಕ್ಕೆ ಮಜ್ಜಿಗೆಹುಳಿ ಕುದಿಯುವ ದಿನ ಅವರು ಅಡುಗೆಮನೆಯ ಕಡೆ ತಲೆಹಾಕುವುದಿಲ್ಲ. ಇಷ್ಟೆಲ್ಲ ಜೀವದಯೆ ಇರುವವರು ಬೆಳಗ್ಗೆ ತಮ್ಮ ಕ್ಯಾಪ್ಸೂಲನ್ನು ಗಂಟಲಿಗಿಳಿಸುವುದು ಸುಡುಸುಡು ಫಿಲ್ಟರ್ ಕಾಫಿಯ ಜೊತೆಗೆ.

ಮೊಮ್ಮಗ ಸೀನಿದರೆ ಸಾಕು, ‘ಇಮ್ಯುನಿಟಿ ಎಲ್ಲ ಹೊಟ್ಟೇಲೇ ಇರೋದು’ ಎಂದು ಚಮಚ ಹಿಡಿದು ಬರುತ್ತಾರೆ. ದೇಹದ ರಕ್ಷಣಾಕೋಶಗಳ ದೊಡ್ಡ ಪಾಲು ಕರುಳಿನ ಸುತ್ತ ಇರುವುದು ನಿಜ. ಬಾಯಿಗೆ ಸುರಿದದ್ದೆಲ್ಲ ಅವುಗಳಿಗೆ ಬಲವಾಗುತ್ತದೆ ಎಂಬುದು ರಾಯರ ಸ್ವಂತ ಸಂಶೋಧನೆ. ಅವರ ಬದುಕಿನ ಸುವರ್ಣ ಘಳಿಗೆ ಬಂದದ್ದು ಹುಡುಗ ಗಂಟಲುನೋವಿಗೆ ಆಂಟಿಬಯಾಟಿಕ್ ತೆಗೆದುಕೊಂಡು ಭೇದಿ ಮಾಡಿಕೊಂಡಾಗ. ವೈದ್ಯರು ತಾವಾಗಿಯೇ ಪ್ರೊಬಯಾಟಿಕ್ ಪುಡಿ ಬರೆದರು, ಐದು ದಿನಕ್ಕೆ. ರಾಯರು ಚೀಟಿಗೆ ಲ್ಯಾಮಿನೇಷನ್ ಮಾಡಿಸಿದರು. ಹುಡುಗ ಮೂರೇ ದಿನಕ್ಕೆ ಸರಿಹೋದ. ಪುಡಿಯಂತೂ ಮನೆಯವರೆಲ್ಲರಿಗೂ ಜೀವನಪರ್ಯಂತ ಎಂದು ತೀರ್ಮಾನವಾಯಿತು.

ಹೊರಗಿನಿಂದ ಕುಡಿದ ಬ್ಯಾಕ್ಟೀರಿಯಾ ಬಹುಪಾಲು ಕರುಳಿನಲ್ಲಿ ನೆಲೆಯೂರುವುದಿಲ್ಲ, ಕುಡಿಯುವುದು ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಹೊರಟುಹೋಗುತ್ತದೆ ಎಂದು ಅದೇ ವೈದ್ಯರು ತಿಳಿಸಿ ಹೇಳಿದರು. ರಾಯರು ಕಳೆಗುಂದಿದರು. ಹೆಂಡತಿ ಮಾತ್ರ ‘ಸದ್ಯ, ನಿಮ್ಮ ಕಡೆ ನೆಂಟರಿಗಿಂತ ವಾಸಿ’ ಎಂದರು.

ನಗಾಡಿದ್ದು ಸಾಕು. ರಾಯರು ಪೂರ್ತಿ ತಪ್ಪೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಪ್ರೊಬಯಾಟಿಕ್‌ಗೆ ಮೂರು ಲಕ್ಷಣ ಹೇಳಿದರು: ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಆರೋಗ್ಯಕ್ಕೆ ಪ್ರಯೋಜನವಾಗಬೇಕು. ರಾಯರು ಮೊದಲೆರಡನ್ನು ಬಾಯಿಪಾಠ ಮಾಡಿದರು, ಮೂರನೆಯದನ್ನು ನಂಬಿಕೆಗೆ ಬಿಟ್ಟರು. ಯಾವ ತಳಿ, ಯಾವ ತೊಂದರೆಗೆ ಎಂಬುದೇ ಮುಖ್ಯ. ಒಂದು ತಳಿ ಮಾಡಿದ ಕೆಲಸವನ್ನು ಇನ್ನೊಂದರ ಖಾತೆಗೆ ಜಮಾ ಮಾಡುವಂತಿಲ್ಲ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರಲ್ಲಿ ಹೇಳಿದ್ದೂ ಇದೇ: ಆಂಟಿಬಯಾಟಿಕ್ ಜೊತೆಗೆ ಕೊಡುವಂಥ ಕೆಲವೇ ಸಂದರ್ಭಗಳಲ್ಲಿ ಕೆಲವು ತಳಿಗಳು ಪರವಾಗಿಲ್ಲ, ಬಹುತೇಕ ಹೊಟ್ಟೆಯ ಕಾಯಿಲೆಗಳಿಗೆ ಪುರಾವೆ ಸಾಲದು.

ಆದ್ದರಿಂದ ನಿಮ್ಮ ಬೀದಿಯ ರಾಯರು ಬಾಟಲಿ ಚಾಚಿದರೆ ಜಗಳವಾಡಬೇಡಿ. ಗಟ್ಟಿಮುಟ್ಟಾಗಿದ್ದರೆ ಕುಡಿದು ಥ್ಯಾಂಕ್ಸ್ ಹೇಳಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಬಾಟಲಿಯ ಹಿಂಬದಿ ಓದಿ. ಮನೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸೋ, ರೋಗನಿರೋಧಕ ಶಕ್ತಿ ಕುಂದಿದವರೋ ಇದ್ದರೆ ಮಾತ್ರ ದಾಕ್ಷಿಣ್ಯ ಬೇಡ: ವೈದ್ಯರನ್ನು ಕೇಳದೆ ಒಂದು ಚಮಚವನ್ನೂ ಕೊಡಬೇಡಿ, ರಾಯರು ಎಷ್ಟೇ ಕೋಟಿಯ ಆಸೆ ತೋರಿಸಲಿ.